ಸೈಕಲ್ ಚಕ್ರಕ್ಕೆ ನೀರಿನ ಬಾಟಲಿ ಕಟ್ಟಿ ಟಾರ್ಕ್ ಅಳೆಯೋಣ: ಮನೆಯಲ್ಲೇ ಮಾಡಬಹುದಾದ ಸಮಗ್ರ ಮಾರ್ಗದರ್ಶಿ

ಸ್ಕೂಟರ್ ಕೊಳ್ಳಲು ಹೋದರೆ ಕೈಗೊಂದು ಕರಪತ್ರ ಕೊಡುತ್ತಾರೆ. ಅದರಲ್ಲಿ ಮೈಲೇಜು, ಬೆಲೆ, ಬಣ್ಣಗಳ ನಡುವೆ ಒಂದು ಸಾಲು ಇರುತ್ತದೆ: ಟಾರ್ಕ್ ಇಷ್ಟು ನ್ಯೂಟನ್ ಮೀಟರ್. 110 ಸಿಸಿ ಸ್ಕೂಟರ್‌ಗಳಲ್ಲಿ ಇದು ಸುಮಾರು 9.

ಈಗ ಮನೆಯ ಮುಂದೆ ನಿಂತಿರುವ ಸೈಕಲ್ ನೋಡಿ. ಪೆಡಲ್ ಕೂರುವ ಕ್ರ್ಯಾಂಕಿನ ಉದ್ದ ಸುಮಾರು 17 ಸೆಂಟಿಮೀಟರ್. 60 ಕಿಲೋ ತೂಕದ ಒಬ್ಬರು ಸೀಟಿನಿಂದ ಎದ್ದು, ಕ್ರ್ಯಾಂಕ್ ನೆಲಕ್ಕೆ ಅಡ್ಡವಾಗಿ ಇರುವಾಗ ಪೂರ್ತಿ ಭಾರ ಬಿಟ್ಟು ಪೆಡಲ್ ಮೇಲೆ ನಿಂತರು ಅನ್ನಿ. ಅವರ ತೂಕದ ಬಲ 588 ನ್ಯೂಟನ್. ಅದನ್ನು 0.17 ಮೀಟರ್‌ನಿಂದ ಗುಣಿಸಿ. ಹತ್ತಿರ ಹತ್ತಿರ 100 ನ್ಯೂಟನ್ ಮೀಟರ್ ಬರುತ್ತದೆ. ಸ್ಕೂಟರ್ ಎಂಜಿನ್‌ಗಿಂತ ಹತ್ತು ಪಟ್ಟಿಗೂ ಜಾಸ್ತಿ!

ಲೆಕ್ಕ ಸರಿಯಾಗಿಯೇ ಇದೆ. ಆದರೂ ಸ್ಕೂಟರ್ ಮುಂದೆ ಹೋಗುತ್ತದೆ, ಸೈಕಲ್ಲಿನವರು ಏದುಸಿರು ಬಿಡುತ್ತಾರೆ. ಹಾಗಾದರೆ ಟಾರ್ಕ್ ಅಂದರೆ ನಿಜವಾಗಿ ಏನು? ಅದು ಸುತ್ತುವ ವಸ್ತುವಿಗೆ ಏನು ಮಾಡುತ್ತದೆ? ಪಿಯುಸಿಯಲ್ಲಿ ನಾನು ಇದರ ಸೂತ್ರವನ್ನು ಬಾಯಿಪಾಠ ಮಾಡಿ ನಂಬರು ತೆಗೆದುಕೊಂಡವನು. ಅರ್ಥವಾಗಿದ್ದು ತುಂಬ ವರ್ಷಗಳ ಮೇಲೆ, ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಆಟ ಆಡುವಾಗ. ಆ ಆಟವನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಒಂದು ಭಾನುವಾರ ಬೆಳಿಗ್ಗೆ ಸಾಕು.

ಏನೇನು ಬೇಕು

ಒಂದು ಸೈಕಲ್. ಮುಂದಿನ ಚಕ್ರ ಸಲೀಸಾಗಿ ತಿರುಗುತ್ತಿರಬೇಕು, ಬ್ರೇಕ್ ರಬ್ಬರ್ ಉಜ್ಜುತ್ತಿರಬಾರದು. ಸಣ್ಣ ನೀರಿನ ಬಾಟಲಿ, ಎರಡು ಮೀಟರ್ ಗಟ್ಟಿ ದಾರ, ಟೇಪು, ಟೈಲರ್ ಅಳತೆಪಟ್ಟಿ, ಅಡುಗೆಮನೆಯ ಡಿಜಿಟಲ್ ತಕ್ಕಡಿ, ವಿಡಿಯೊ ತೆಗೆಯಲು ಮೊಬೈಲು. ಒಂದು ಮುಷ್ಟಿ ಚಪಾತಿ ಹಿಟ್ಟು, 800 ಗ್ರಾಂ ಮರಳು, ಒಂದು ಹಳೆಯ ದಿಂಬು, ಖಾಲಿ ಬೆಂಕಿಪೊಟ್ಟಣ, ಒಂದಿಷ್ಟು ಅಕ್ಕಿ, ಗಟ್ಟಿ ಹಗ್ಗ, ನಟ್ಟು ಬಿಚ್ಚುವ ಪಾನ (ಸ್ಪ್ಯಾನರ್). ಜೊತೆಗೆ ಸೈಕಲ್ ಹಿಡಿದುಕೊಳ್ಳಲು ಮನೆಯವರೊಬ್ಬರು. ಈ ಕೊನೆಯದು ಸಿಗುವುದೇ ಸ್ವಲ್ಪ ಕಷ್ಟ.

ಹೆಜ್ಜೆ 1: ಮೊದಲು ಬಾಗಿಲ ಹತ್ತಿರ ಹೋಗಿ

ಸೈಕಲ್ ಮುಟ್ಟುವ ಮೊದಲು ಮನೆಯ ಬಾಗಿಲನ್ನು ಒಂದು ಬೆರಳಿನಿಂದ ತಳ್ಳಿ. ಮೊದಲು ಹಿಡಿಕೆ ಇರುವ ಕಡೆ, ಆಮೇಲೆ ಕೀಲಿನ ಪಕ್ಕದಲ್ಲಿ. ಕೀಲಿನ ಪಕ್ಕ ತಳ್ಳಿದರೆ ಬೆರಳು ನೋಯುತ್ತದೆ, ಬಾಗಿಲು ಮಾತ್ರ ಸೋಮಾರಿಯಂತೆ ಅಲುಗುತ್ತದೆ.

ಬಲವನ್ನು ಕೀಲಿನಿಂದ ಅದಕ್ಕಿರುವ ದೂರದಿಂದ ಗುಣಿಸಿದರೆ ಸಿಗುವ, ತಿರುಗಿಸುವ ಸಾಮರ್ಥ್ಯದ ಅಳತೆಯೇ ಟಾರ್ಕ್. ಕೀಲಿನಿಂದ 75 ಸೆಂಟಿಮೀಟರ್ ದೂರದಲ್ಲಿ 10 ನ್ಯೂಟನ್ ಬಲ ಹಾಕಿದರೆ ಟಾರ್ಕ್ 7.5 ನ್ಯೂಟನ್ ಮೀಟರ್. (10 ನ್ಯೂಟನ್ ಅಂದರೆ ಒಂದು ಕಿಲೋ ಸಕ್ಕರೆ ಪೊಟ್ಟಣ ಹಿಡಿದುಕೊಳ್ಳಲು ಬೇಕಾದಷ್ಟು.) ಬಾಗಿಲು ಅಷ್ಟೇ ಚುರುಕಾಗಿ ತೆರೆಯಬೇಕು, ಆದರೆ ತಳ್ಳುವುದು ಕೀಲಿನಿಂದ 15 ಸೆಂಟಿಮೀಟರ್‌ನಲ್ಲಿ ಎಂದರೆ 50 ನ್ಯೂಟನ್ ಬೇಕು. ಬಲ ಐದು ಪಟ್ಟು ಆಯಿತು, ಟಾರ್ಕ್ ಮಾತ್ರ ಅಷ್ಟೇ.

ಈಗ ಇನ್ನೊಂದು. ಬಾಗಿಲ ಅಂಚನ್ನು ಹಿಡಿದು ಕೀಲಿನ ಕಡೆಗೇ ನೇರವಾಗಿ ಒತ್ತಿ. ಎಷ್ಟು ಒತ್ತಿದರೂ ತಿರುಗುವುದಿಲ್ಲ. ಬಲ ಇದೆ, ದೂರವೂ ಇದೆ, ಟಾರ್ಕ್ ಮಾತ್ರ ಸೊನ್ನೆ. ಏಕೆಂದರೆ ಲೆಕ್ಕಕ್ಕೆ ಬರುವ ದೂರ ಕೀಲಿನಿಂದ ಬೆರಳಿಗೆ ಇರುವ ದೂರವಲ್ಲ. ಬಲ ಹೋಗುವ ದಾರಿಯಲ್ಲಿ ಒಂದು ಉದ್ದ ಗೆರೆ ಎಳೆಯಿರಿ. ಕೀಲಿನಿಂದ ಆ ಗೆರೆಗೆ ಲಂಬವಾಗಿ ಎಷ್ಟು ದೂರವೋ ಅದು ಲೆಕ್ಕ. ಗೆರೆ ಕೀಲಿನ ಮೂಲಕವೇ ಹೋದರೆ ದೂರ ಸೊನ್ನೆ. ಬಾಗಿಲ ಹಲಗೆಗೂ ತಳ್ಳುವ ದಿಕ್ಕಿಗೂ ನಡುವೆ 30 ಡಿಗ್ರಿ ಮಾತ್ರ ಇರುವಂತೆ ಓರೆಯಾಗಿ ತಳ್ಳಿದರೆ ಟಾರ್ಕ್ ಸರಿಯಾಗಿ ಅರ್ಧ ಆಗುತ್ತದೆ.

ಟಾರ್ಕ್ ಎಂಬ ಪದ ಇಂಗ್ಲಿಷಿನಲ್ಲಿ ಈ ಅರ್ಥದಲ್ಲಿ ಅಚ್ಚಾಗಿದ್ದು 1884ರಲ್ಲಿ. ತಿರುಚು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಪದ ಹೊಸದು, ಸಂಗತಿ ಹಳೆಯದು. ಬಿಗಿದ ನಟ್ಟು ಬಿಡದಿದ್ದರೆ ಪಾನಕ್ಕೆ ಕಬ್ಬಿಣದ ಪೈಪು ಸಿಕ್ಕಿಸಿ ಉದ್ದ ಮಾಡುವ ಪಂಚರ್ ಅಂಗಡಿಯವರಿಗೆ ಈ ಹೆಜ್ಜೆ ಬೇಕಾಗಿಯೇ ಇಲ್ಲ.

ಹೆಜ್ಜೆ 2: ಸೈಕಲ್ ತಿರುಗಿಸಿ ನಿಲ್ಲಿಸಿ, ಚಕ್ರ ಸಮತೂಕ ಮಾಡಿ

ಜಗಲಿ ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ಗಟ್ಟಿ ಮೇಜಿನ ಮೇಲೆ ಸೈಕಲ್ಲನ್ನು ಸೀಟು ಮತ್ತು ಹ್ಯಾಂಡಲ್ ಕೆಳಗೆ ಬರುವಂತೆ ತಲೆಕೆಳಗಾಗಿ ಇಡಿ. ಹ್ಯಾಂಡಲ್ ಅಂಚಿನ ಹತ್ತಿರ ಇರಲಿ. ಮುಂದಿನ ಚಕ್ರದ ತುದಿ ಅಂಚನ್ನು ದಾಟಿ ಹೊರಗೆ ಚಾಚಿರಬೇಕು. ಬಾಟಲಿ ಇಳಿಯುವುದು ಆ ಜಾಗದಲ್ಲಿ. ಮುಂದಿನ ಮಡ್‌ಗಾರ್ಡ್ ಇದ್ದರೆ ಬಿಚ್ಚಿಡಿ, ದಾರ ಸಿಕ್ಕಿಕೊಳ್ಳುತ್ತದೆ. ಒಬ್ಬರು ಸೈಕಲ್ಲನ್ನು ಹಿಡಿದೇ ಇರಲಿ.

ಈಗ ಚಕ್ರವನ್ನು ಮೆಲ್ಲಗೆ ತಿರುಗಿಸಿ ಬಿಡಿ. ನಿಲ್ಲುವ ಮೊದಲು ಅದು ಗಡಿಯಾರದ ಲೋಲಕದ ಹಾಗೆ ಹಿಂದೆ ಮುಂದೆ ತೂಗುತ್ತದೆ ಅಲ್ವಾ? ಒಂದು ಕಡೆ ಭಾರ ಇದೆ ಎಂದರ್ಥ. ಸಾಮಾನ್ಯವಾಗಿ ಗಾಳಿ ತುಂಬುವ ವಾಲ್ವ್ ಅಥವಾ ಕಡ್ಡಿಗೆ ಸಿಕ್ಕಿಸಿದ ರಿಫ್ಲೆಕ್ಟರ್ ಇರುವ ಕಡೆ. ಅದರ ಎದುರು ಬದಿಯ ರಿಮ್ಮಿಗೆ ಚೂರು ಚೂರೇ ಚಪಾತಿ ಹಿಟ್ಟು ಅಂಟಿಸುತ್ತ ಹೋಗಿ. ಯಾವ ಜಾಗದಲ್ಲಿ ಬಿಟ್ಟರೂ ಚಕ್ರ ಅಲ್ಲೇ ನಿಂತರೆ ಕೆಲಸ ಆಯಿತು.

ನೀವು ಮಾಡಿದ್ದು ಇಷ್ಟೇ: ಒಂದು ಕಡೆಯ ಟಾರ್ಕಿಗೆ ಇನ್ನೊಂದು ಕಡೆಯಿಂದ ಅಷ್ಟೇ ಟಾರ್ಕ್ ಕೊಟ್ಟು ಹೊಡೆದುಹಾಕಿದಿರಿ. ಟಾರ್ಕಿಗೆ ದಿಕ್ಕು ಇದೆ. ಎಡಕ್ಕೆ ತಿರುಗಿಸುವುದು ಒಂದು, ಬಲಕ್ಕೆ ತಿರುಗಿಸುವುದು ಇನ್ನೊಂದು. ಕೂಡಿದಾಗ ಉಳಿಯುವುದೇ ಒಟ್ಟು ಟಾರ್ಕ್, ಚಕ್ರಕ್ಕೆ ತಿಳಿಯುವುದು ಅದೊಂದೇ.

ಹೆಜ್ಜೆ 3: ಘರ್ಷಣೆ ಎಷ್ಟಿದೆ ನೋಡಿ (ಇದನ್ನು ಬಿಡಬೇಡಿ)

ಎಲ್ಲರೂ ಹಾರಿಸಿ ಮುಂದೆ ಹೋಗುವ ಹೆಜ್ಜೆ ಇದು. ನನ್ನ ಮಟ್ಟಿಗೆ ಇಡೀ ವಿಷಯದ ಗುಟ್ಟು ಇಲ್ಲೇ ಇದೆ.

ದಾರದ ಒಂದು ತುದಿಯನ್ನು ಟೈರಿನ ಮೇಲೆ ಟೇಪಿನಿಂದ ಅಂಟಿಸಿ. ಅಂಟಿಸುವ ಜಾಗ ಚಕ್ರದ ಹಿಂಬದಿಯಲ್ಲಿ, ಅಚ್ಚಿನ ಎತ್ತರಕ್ಕೆ ಇರಲಿ. ಅಲ್ಲಿಂದ ದಾರವನ್ನು ಟೈರಿನ ನೆತ್ತಿಯ ಮೇಲೆ ಹಾಯಿಸಿ ಮುಂಬದಿಯಲ್ಲಿ ಕೆಳಗೆ ಇಳಿಬಿಡಿ. ಅರ್ಧ ಸುತ್ತು ಸಾಕು, ದಾರ ಜಾರುವುದಿಲ್ಲ.

ಇಳಿಬಿಟ್ಟ ತುದಿಗೆ ಖಾಲಿ ಬೆಂಕಿಪೊಟ್ಟಣ ಕಟ್ಟಿ. ಅದರೊಳಗೆ ಒಂದೊಂದೇ ಅಕ್ಕಿಕಾಳು ಹಾಕುತ್ತ, ಪ್ರತಿ ಸಲ ಚಕ್ರವನ್ನು ಬೆರಳಿನಿಂದ ಸ್ವಲ್ಪವೇ ನೂಕಿ. ಮೊದಮೊದಲು ಪೊಟ್ಟಣ ಒಂದಿಷ್ಟು ಇಳಿದು ನಿಂತುಬಿಡುತ್ತದೆ. ಜಾಸ್ತಿ ಹಾಕಿದರೆ ಇಳಿಯುತ್ತ ಇಳಿಯುತ್ತ ವೇಗ ಏರುತ್ತದೆ. ಇವೆರಡರ ನಡುವೆ ಒಂದು ತೂಕ ಸಿಗುತ್ತದೆ. ಆಗ ಪೊಟ್ಟಣ ಏರದ, ಇಳಿಯದ ಒಂದೇ ವೇಗದಲ್ಲಿ ಕೆಳಗೆ ಬರುತ್ತದೆ. ಆ ತೂಕ ಬರೆದಿಟ್ಟುಕೊಳ್ಳಿ. 5 ಗ್ರಾಂ ಅಂತ ಇಟ್ಟುಕೊಳ್ಳೋಣ.

ಈಗ ಯೋಚಿಸಿ. ಪೊಟ್ಟಣದ ಟಾರ್ಕ್ ಒಂದು ಕಡೆ, ಬೇರಿಂಗಿನ ಘರ್ಷಣೆಯ ಟಾರ್ಕ್ ಇನ್ನೊಂದು ಕಡೆ. ಎರಡೂ ಸಮ. ಒಟ್ಟು ಸೊನ್ನೆ. ಆದರೂ ಚಕ್ರ ತಿರುಗುತ್ತಲೇ ಇದೆ!

ಟಾರ್ಕ್ ಇದ್ದರೆ ಮಾತ್ರ ವಸ್ತು ತಿರುಗುತ್ತದೆ ಎಂದು ನಮ್ಮ ತಲೆಯಲ್ಲಿ ಕೂತಿದೆ. ಅದು ತಪ್ಪು. ತಿರುಗುತ್ತಿರುವುದು ತಿರುಗುತ್ತಲೇ ಇರಲು ಟಾರ್ಕ್ ಬೇಕಿಲ್ಲ. ತಿರುಗುವ ವೇಗ ಬದಲಾಗಲು ಟಾರ್ಕ್ ಬೇಕು. ನಿಂತದ್ದು ತಿರುಗಲು, ನಿಧಾನ ಇದ್ದದ್ದು ಜೋರಾಗಲು, ಜೋರಾಗಿದ್ದದ್ದು ನಿಲ್ಲಲು. ಬೀಸುಕಲ್ಲನ್ನು ಒಂದೇ ಸಮ ತಿರುಗಿಸುತ್ತಿರುವ ಅಜ್ಜಿಯ ಕೈಗೆ ದಣಿವಾಗುವುದು ಕಲ್ಲು ತಿರುಗುತ್ತಿರುವುದಕ್ಕಲ್ಲ. ಎರಡು ಕಲ್ಲಿನ ನಡುವೆ ನುರಿಯುವ ರಾಗಿ ಹಿಂದಕ್ಕೆ ಕೊಡುವ ಟಾರ್ಕನ್ನು ಸರಿದೂಗಿಸಲು.

ಹೆಜ್ಜೆ 4: ಬಾಟಲಿ ಇಳಿಬಿಡಿ

ಪೊಟ್ಟಣ ಬಿಚ್ಚಿ. ಬಾಟಲಿಗೆ ನೀರು ತುಂಬಿ, ಬಾಟಲಿಯೂ ಸೇರಿ 200 ಗ್ರಾಂ ಬರುವಂತೆ ತೂಗಿ, ದಾರಕ್ಕೆ ಕಟ್ಟಿ. ಬಾಟಲಿಯ ತಳ ನೆಲದ ಮೇಲಿಟ್ಟ ದಿಂಬಿನಿಂದ ಸರಿಯಾಗಿ 1 ಮೀಟರ್ ಮೇಲಿರುವಂತೆ ಚಕ್ರ ಹಿಡಿದುಕೊಳ್ಳಿ. ಅಷ್ಟು ಎತ್ತರ ಸಿಗದಿದ್ದರೆ 70 ಸೆಂಟಿಮೀಟರ್ ಆದರೂ ನಡೆಯುತ್ತದೆ, ಲೆಕ್ಕದಲ್ಲಿ ಆ ಅಂಕಿ ಹಾಕಿದರಾಯಿತು.

ಮೊಬೈಲನ್ನು ಒಂದು ಕಡೆ ಅಲ್ಲಾಡದಂತೆ ಇಟ್ಟು ವಿಡಿಯೊ ಶುರು ಮಾಡಿ. ಸ್ಲೋ ಮೋಷನ್ ಇದ್ದರೆ ಇನ್ನೂ ಒಳ್ಳೆಯದು. ಚಕ್ರ ಬಿಡಿ. ನೂಕಬೇಡಿ, ಸುಮ್ನೆ ಕೈ ತೆಗೆಯಿರಿ. ಬಾಟಲಿ ದಿಂಬಿಗೆ ಬೀಳುವವರೆಗೆ ಎಷ್ಟು ಸೆಕೆಂಡ್ ಆಯಿತು ಎಂದು ವಿಡಿಯೊದಲ್ಲಿ ಚೌಕಟ್ಟು (ಫ್ರೇಮ್) ಚೌಕಟ್ಟಾಗಿ ಎಣಿಸಿ. ಸಾಮಾನ್ಯ ವಿಡಿಯೊದಲ್ಲಿ ಸೆಕೆಂಡಿಗೆ 30 ಚೌಕಟ್ಟು ಇರುತ್ತವೆ. ಕೈಯಲ್ಲಿ ಸ್ಟಾಪ್‌ವಾಚ್ ಒತ್ತುವುದು ಬೇಡ. ಒಂದೂಕಾಲು ಸೆಕೆಂಡಿನ ಆಟದಲ್ಲಿ ನಮ್ಮ ಬೆರಳು ಕಾಲು ಸೆಕೆಂಡ್ ನುಂಗಿಬಿಡುತ್ತದೆ.

ಐದು ಸಲ ಮಾಡಿ. ಒಂದಕ್ಕೊಂದು ತೀರಾ ಹೊಂದದ್ದನ್ನು ಮತ್ತೆ ಮಾಡಿ. ಉಳಿದವುಗಳ ಸರಾಸರಿ 1.3 ಸೆಕೆಂಡ್ ಬಂತು ಎಂದುಕೊಳ್ಳಿ. ನಿಮ್ಮ ಚಕ್ರದ ಅಂಕಿ ಬೇರೆ ಬರಬಹುದು, ಬರಲೇಬೇಕು. ಕೆಳಗಿನ ಲೆಕ್ಕ ಒಂದು ಮಾದರಿ, ಅಂಕಿ ನಿಮ್ಮದನ್ನು ಹಾಕಿಕೊಳ್ಳಿ.

ಹೆಜ್ಜೆ 5: ಲೆಕ್ಕ

ಮೊದಲು ಬಾಟಲಿಯ ವೇಗೋತ್ಕರ್ಷ, ಅಂದರೆ ಅದರ ವೇಗ ಸೆಕೆಂಡಿಗೆ ಎಷ್ಟು ಏರುತ್ತದೆ ಎನ್ನುವುದು. ನಿಂತಲ್ಲಿಂದ ಹೊರಟದ್ದಕ್ಕೆ ಸೂತ್ರ ಸುಲಭ:

ವೇಗೋತ್ಕರ್ಷ = 2 × ದೂರ ÷ (ಸಮಯ × ಸಮಯ)

2 × 1 ÷ 1.69 = 1.18. ಅಂದರೆ ಪ್ರತಿ ಸೆಕೆಂಡಿಗೂ ವೇಗ 1.18 ಮೀಟರ್‌ನಷ್ಟು ಏರುತ್ತದೆ. ಬಾಟಲಿಯನ್ನು ಸುಮ್ನೆ ಕೈಬಿಟ್ಟಿದ್ದರೆ ಇದು 9.8 ಇರುತ್ತಿತ್ತು. ಅಷ್ಟನ್ನು ಚಕ್ರ ತಡೆದಿದೆ.

ಈಗ ಚಕ್ರದ ಕಡೆ. ಚಕ್ರದ ಅಚ್ಚಿನಿಂದ ಟೈರಿನ ಹೊರ ಅಂಚಿಗೆ ಅಳೆಯಿರಿ. 33 ಸೆಂಟಿಮೀಟರ್ ಎನ್ನೋಣ. ದಾರ ಜಾರದೇ ಇರುವುದರಿಂದ ಟೈರಿನ ಅಂಚಿನ ವೇಗ ಬಾಟಲಿಯ ವೇಗದಷ್ಟೇ ಏರುತ್ತದೆ. 1.18 ಅನ್ನು 0.33ರಿಂದ ಭಾಗಿಸಿದರೆ ಸುಮಾರು 3.58. ಇದು ಕೋನೀಯ ವೇಗೋತ್ಕರ್ಷ, ಅಂದರೆ ಚಕ್ರ ತಿರುಗುವ ವೇಗ ಸೆಕೆಂಡಿಗೆ ಎಷ್ಟು ಏರುತ್ತದೆ ಎನ್ನುವುದು. ಇದರ ಅಳತೆ ರೇಡಿಯನ್‌ನಲ್ಲಿ. ಚಕ್ರದ ತ್ರಿಜ್ಯದಷ್ಟು ಉದ್ದದ ದಾರವನ್ನು ಟೈರಿನ ಮೇಲೆ ಒರಗಿಸಿದರೆ ಅದು ಆವರಿಸುವ ಕೋನ ಒಂದು ರೇಡಿಯನ್. ಪೂರ್ತಿ ಸುತ್ತಿಗೆ 6.28 ರೇಡಿಯನ್. ಹೆದರುವಂಥದ್ದು ಏನಿಲ್ಲ.

ಮುಂದೆ ಟಾರ್ಕ್. ಇಲ್ಲಿ ನಾನು ಮೊದಲ ಸಲ ಎಡವಿದ್ದೆ. 200 ಗ್ರಾಂ ಬಾಟಲಿಯ ತೂಕದ ಬಲ 1.96 ನ್ಯೂಟನ್, ಅದನ್ನೇ 0.33ರಿಂದ ಗುಣಿಸಿದರೆ ಆಯಿತು ಅಂದುಕೊಂಡೆ. ಆದರೆ ಚಕ್ರವನ್ನು ಎಳೆಯುವುದು ಬಾಟಲಿಯ ತೂಕವಲ್ಲ, ದಾರದ ಬಿಗಿತ. ಬಾಟಲಿ ನಿಂತಿದ್ದರೆ ಎರಡೂ ಒಂದೇ. ಇಳಿಯುತ್ತ ವೇಗ ಏರುತ್ತಿದ್ದರೆ ತೂಕದ ಒಂದು ಪಾಲು ಬಾಟಲಿಯನ್ನೇ ವೇಗಗೊಳಿಸಲು ಖರ್ಚಾಗುತ್ತದೆ. ಲಿಫ್ಟು ಕೆಳಗೆ ಹೊರಡುವ ಕ್ಷಣದಲ್ಲಿ ಮೈ ಹಗುರವಾದ ಹಾಗೆ ಆಗುತ್ತದಲ್ಲ, ಅದೇ ಇದು. ಹಾಗಾಗಿ:

ದಾರದ ಬಿಗಿತ = 0.2 × (9.8 − 1.18) = 1.72 ನ್ಯೂಟನ್

ಟಾರ್ಕ್ = 1.72 × 0.33 = 0.57 ನ್ಯೂಟನ್ ಮೀಟರ್

ಇದರಲ್ಲಿ ಘರ್ಷಣೆಯ ಪಾಲು ಕಳೆಯಬೇಕು. 5 ಗ್ರಾಂ ತೂಕದ ಟಾರ್ಕ್ 0.005 × 9.8 × 0.33, ಅಂದರೆ ಸುಮಾರು 0.016. ಕಳೆದರೆ ಉಳಿಯುವುದು ಹತ್ತಿರ ಹತ್ತಿರ 0.55 ನ್ಯೂಟನ್ ಮೀಟರ್.

ಕೊನೆಯದಾಗಿ ಈ ಟಾರ್ಕನ್ನು ಕೋನೀಯ ವೇಗೋತ್ಕರ್ಷದಿಂದ ಭಾಗಿಸಿ. 0.55 ÷ 3.58 = 0.154. ಇದೇ ನಿಮ್ಮ ಚಕ್ರದ ಜಡತ್ವ ಭ್ರಾಮಕ. ಅಳತೆ ಕೆಜಿ-ಚದರ ಮೀಟರ್. ಹೆಸರು ಭಾರವಾಗಿದೆ, ಅರ್ಥ ಹಗುರ: ಈ ವಸ್ತು ತನ್ನ ಸುತ್ತುವಿಕೆಯನ್ನು ಬದಲಾಯಿಸಲು ಎಷ್ಟು ಮೊಂಡಾಟ ಮಾಡುತ್ತದೆ ಎಂಬುದರ ಅಳತೆ. ಇಲ್ಲಿಂದ ಮುಂದೆ ನಾನು ಅದನ್ನು ಚಕ್ರದ ಮೊಂಡುತನ ಎಂದೇ ಕರೆಯುತ್ತೇನೆ.

ಟಾರ್ಕ್ = ಮೊಂಡುತನ × ಕೋನೀಯ ವೇಗೋತ್ಕರ್ಷ

ನೇರ ಹಾದಿಯಲ್ಲಿ ಬಲ = ದ್ರವ್ಯರಾಶಿ × ವೇಗೋತ್ಕರ್ಷ ಎಂದು ಓದಿದ್ದೀರಲ್ಲ, ಸುತ್ತುವ ಲೋಕದಲ್ಲಿ ಅದರ ಅವಳಿ ಇದು.

ಹೆಜ್ಜೆ 6: ಬಾಟಲಿ ಭಾರ ಮಾಡಿ, ಸೂತ್ರವನ್ನು ಪರೀಕ್ಷೆಗೆ ಕೂರಿಸಿ

ಒಂದು ಅಳತೆಯಿಂದ ಒಂದು ಅಂಕಿ ಬಂದರೆ ಏನೂ ಸಾಬೀತಾಗಲಿಲ್ಲ. ಟಾರ್ಕ್ ಬದಲಾಯಿಸಿದಾಗಲೂ ಅದೇ ಮೊಂಡುತನ ಬರಬೇಕು. ಚಕ್ರ ಅದೇ ತಾನೆ?

ಬಾಟಲಿ 400 ಗ್ರಾಂ ಆಗುವಷ್ಟು ನೀರು ತುಂಬಿ ಮತ್ತೆ ಇಳಿಬಿಡಿ. ಮೊದಲಿನ ಚಕ್ರವೇ ಆಗಿದ್ದರೆ ಸಮಯ ಸುಮಾರು 0.97 ಸೆಕೆಂಡ್ ಬರಬೇಕು. ಲೆಕ್ಕ ಹಾಕೋಣ. ವೇಗೋತ್ಕರ್ಷ 2.13. ದಾರದ ಬಿಗಿತ 0.4 × (9.8 − 2.13) = 3.07 ನ್ಯೂಟನ್. ಟಾರ್ಕ್ 1.01, ಘರ್ಷಣೆ ಕಳೆದು 1.0. ಕೋನೀಯ ವೇಗೋತ್ಕರ್ಷ 6.45. ಭಾಗಿಸಿದರೆ 0.155. ಅದೇ ಅಂಕಿ!

ಒಂದು ಗಮನಿಸಿ. ತೂಕ ಎರಡು ಪಟ್ಟಾಯಿತು, ಆದರೆ ಟಾರ್ಕ್ ಆಗಿದ್ದು 1.8 ಪಟ್ಟು ಮಾತ್ರ. ಭಾರದ ಬಾಟಲಿ ಹೆಚ್ಚು ಚುರುಕಾಗಿ ಇಳಿಯುವುದರಿಂದ ತನ್ನ ತೂಕದಲ್ಲಿ ಹೆಚ್ಚಿನ ಪಾಲನ್ನು ತಾನೇ ತಿನ್ನುತ್ತದೆ. ಆದರೆ ಟಾರ್ಕ್ 1.8 ಪಟ್ಟಾದಾಗ ಕೋನೀಯ ವೇಗೋತ್ಕರ್ಷವೂ ಸರಿಯಾಗಿ 1.8 ಪಟ್ಟು. ಬಿಗಿತದ ಲೆಕ್ಕ ಮರೆತವರಿಗೆ ಇಲ್ಲಿ ಎರಡು ಬೇರೆ ಬೇರೆ ಮೊಂಡುತನ ಸಿಗುತ್ತದೆ, ಆಮೇಲೆ ಸೈಕಲ್ಲನ್ನೇ ಬೈಯುತ್ತಾರೆ.

ಹೆಜ್ಜೆ 7: ಮರಳು ಪೊಟ್ಟಣದ ಆಟ

ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಜ್ಜೆ. ಮರಳನ್ನು 100 ಗ್ರಾಮಿನ ಎಂಟು ಸಣ್ಣ, ಚಪ್ಪಟೆ ಪೊಟ್ಟಣ ಮಾಡಿ. ಮೊದಲು ಎಂಟನ್ನೂ ಅಚ್ಚಿನ ಹತ್ತಿರ, ಮಧ್ಯದಿಂದ 7 ಸೆಂಟಿಮೀಟರ್ ದೂರದಲ್ಲಿ ಕಡ್ಡಿಗಳಿಗೆ ಸುತ್ತಲೂ ಸಮನಾಗಿ ಕಟ್ಟಿ. ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಫೋರ್ಕಿಗೆ (ಚಕ್ರವನ್ನು ಎರಡೂ ಬದಿಯಿಂದ ಹಿಡಿದಿರುವ ಕವಲಿಗೆ) ಎಲ್ಲೂ ತಾಗದೆ ಇರುವುದನ್ನು ನೋಡಿಕೊಳ್ಳಿ. 200 ಗ್ರಾಂ ಬಾಟಲಿ ಕಟ್ಟಿ ಬಿಡಿ.

ಸಮಯ ಸುಮಾರು 1.31 ಸೆಕೆಂಡ್. ಪೊಟ್ಟಣ ಇಲ್ಲದಾಗ 1.3 ಇತ್ತು. ಮುಕ್ಕಾಲು ಕಿಲೋಗೂ ಜಾಸ್ತಿ ಮರಳು ಹೇರಿದರೂ ಚಕ್ರಕ್ಕೆ ಗೊತ್ತೇ ಆಗಲಿಲ್ಲ!

ಈಗ ಅದೇ ಎಂಟು ಪೊಟ್ಟಣಗಳನ್ನು ಬಿಚ್ಚಿ, ರಿಮ್ಮಿನ ಹತ್ತಿರ, ಮಧ್ಯದಿಂದ 28 ಸೆಂಟಿಮೀಟರ್‌ನಲ್ಲಿ ಕಟ್ಟಿ. ಇಲ್ಲಿ ಫೋರ್ಕಿನ ಸಂದು ಇಕ್ಕಟ್ಟು, ಮತ್ತೊಮ್ಮೆ ತಿರುಗಿಸಿ ನೋಡಿ. ಅದೇ ಬಾಟಲಿ, ಅದೇ ಎತ್ತರ. ಸಮಯ ಸುಮಾರು 1.51 ಸೆಕೆಂಡ್. ಸ್ಟಾಪ್‌ವಾಚ್ ಇಲ್ಲದೆ ಬರಿಗಣ್ಣಿಗೂ ಚಕ್ರ ಮಂಕಾದದ್ದು ಕಾಣುತ್ತದೆ.

ತಕ್ಕಡಿಗೆ ಹಾಕಿದರೆ ಎರಡು ಚಕ್ರವೂ ಒಂದೇ ತೂಕ. ಆದರೆ ಮೊಂಡುತನ ಬೇರೆ. ಪ್ರತಿ ಚೂರು ಮರಳೂ ತನ್ನ ದ್ರವ್ಯರಾಶಿಯನ್ನು ದೂರದ ವರ್ಗದಿಂದ ಗುಣಿಸಿ ಲೆಕ್ಕಕ್ಕೆ ಸೇರಿಸುತ್ತದೆ. 0.8 × 0.07 × 0.07 ಎಂದರೆ 0.004 ಮಾತ್ರ. 0.8 × 0.28 × 0.28 ಎಂದರೆ 0.063. ದೂರ ನಾಲ್ಕು ಪಟ್ಟು, ಪರಿಣಾಮ ಹದಿನಾರು ಪಟ್ಟು.

ದೂರದ ವರ್ಗ ಏಕೆ, ಬರೀ ದೂರ ಏಕಲ್ಲ? ಅಂಚಿನಲ್ಲಿರುವ ಮರಳು ಎರಡು ರೀತಿಯಲ್ಲಿ ಕಾಡುತ್ತದೆ. ಒಂದು, ಚಕ್ರ ಅಷ್ಟೇ ಕೋನ ತಿರುಗಿದರೂ ಅಂಚಿನ ಮರಳು ನಾಲ್ಕು ಪಟ್ಟು ದೂರ ಓಡಬೇಕು. ಹಾಗಾಗಿ ಅದಕ್ಕೆ ನಾಲ್ಕು ಪಟ್ಟು ಬಲ ಬೇಕು. ಎರಡು, ಆ ಬಲ ಅಚ್ಚಿನಿಂದ ನಾಲ್ಕು ಪಟ್ಟು ದೂರದಲ್ಲಿ ಬೇಕಾಗಿರುವುದರಿಂದ ಟಾರ್ಕಿನ ಲೆಕ್ಕದಲ್ಲಿ ಇನ್ನೊಂದು ನಾಲ್ಕು. ನಾಲ್ಕು ನಾಲ್ಕಲಿ ಹದಿನಾರು.

ಕಬ್ಬಿನ ಗಾಣದ ಎಂಜಿನ್ನಿಗೆ, ಹಳೆಯ ಡೀಸೆಲ್ ಪಂಪ್‌ಸೆಟ್ಟಿಗೆ ಒಂದು ದೊಡ್ಡ ಭಾರದ ಚಕ್ರ ಇರುವುದನ್ನು ನೋಡಿರುತ್ತೀರಿ. ಅದರ ಕಬ್ಬಿಣವೆಲ್ಲ ಅಂಚಿನಲ್ಲಿ ತುಂಬಿರುತ್ತದೆ. ಎಂಜಿನ್ ಧಗ್ ಧಗ್ ಎಂದು ತುಂಡು ತುಂಡಾಗಿ ಟಾರ್ಕ್ ಕೊಟ್ಟರೂ ಆ ಮೊಂಡು ಚಕ್ರ ವೇಗವನ್ನು ಹೆಚ್ಚು ಏರಲೂ ಬಿಡುವುದಿಲ್ಲ, ಇಳಿಯಲೂ ಬಿಡುವುದಿಲ್ಲ. ರೇಸ್ ಸೈಕಲ್ಲಿನವರಿಗೆ ಬೇಕಾದದ್ದು ಇದರ ಉಲ್ಟಾ. ಅದಕ್ಕೇ ಅವರು ರಿಮ್ಮು ಮತ್ತು ಟೈರಿನ ಗ್ರಾಂ ಗ್ರಾಂ ಉಳಿಸಲು ದುಡ್ಡು ಸುರಿಯುತ್ತಾರೆ.

ಹೆಜ್ಜೆ 8: ಸ್ಕೂಟರಿನ ಒಗಟು ಬಿಡಿಸಿ

ಸೈಕಲ್ ಹೇಗೂ ತಲೆಕೆಳಗಾಗಿದೆ, ಚೈನಿನ ಕಡೆಯೂ ನೋಡಿಬಿಡಿ. ಮುಂದಿನ ಹಲ್ಲುಚಕ್ರದ ಹಲ್ಲು ಎಣಿಸಿ, ಹಿಂದಿನ ಫ್ರೀವೀಲಿನದೂ ಎಣಿಸಿ. 44 ಮತ್ತು 18 ಇದೆ ಎಂದುಕೊಳ್ಳಿ.

ಚೈನಿನ ಎಳೆತ ಎರಡೂ ಕಡೆ ಒಂದೇ. ಆದರೆ ಮುಂದೆ ಅದು ದೊಡ್ಡ ಚಕ್ರದ ಅಂಚಿನಲ್ಲಿ, ಹಿಂದೆ ಸಣ್ಣ ಚಕ್ರದ ಅಂಚಿನಲ್ಲಿ. ಹಾಗಾಗಿ ಪೆಡಲಿನ 100 ನ್ಯೂಟನ್ ಮೀಟರ್ ಹಿಂದಿನ ಚಕ್ರಕ್ಕೆ ಹೋಗುವಾಗ 100 × 18 ÷ 44, ಅಂದರೆ 41 ಆಗುತ್ತದೆ. ಆ ಚಕ್ರ ರಸ್ತೆಯನ್ನು ಹಿಂದಕ್ಕೆ ತಳ್ಳುವುದು 33 ಸೆಂಟಿಮೀಟರ್ ದೂರದಲ್ಲಿ. 41 ÷ 0.33 = 124 ನ್ಯೂಟನ್. ಕಾಲು ಹಾಕಿದ್ದು 588, ರಸ್ತೆಗೆ ಮುಟ್ಟಿದ್ದು 124.

ಮೋಸ ಅನ್ನಿಸುತ್ತದೆ ಅಲ್ವಾ? ಅಲ್ಲ. ಪೆಡಲ್ ಒಂದು ಸುತ್ತು ಬರುವಾಗ ಕಾಲು ಓಡುವುದು 1.07 ಮೀಟರ್. ಸೈಕಲ್ ಓಡುವುದು 5.07 ಮೀಟರ್. ಬಲ ಎಷ್ಟು ಪಟ್ಟು ಕಡಿಮೆಯಾಯಿತೋ ದೂರ ಅಷ್ಟೇ ಪಟ್ಟು ಹೆಚ್ಚಾಯಿತು. ಸೈಕಲ್ ಎಂಬುದೇ ಟಾರ್ಕ್ ಕೊಟ್ಟು ವೇಗ ಕೊಳ್ಳುವ ಯಂತ್ರ.

ಸ್ಕೂಟರ್ ಮಾಡುವುದು ಇದರ ಉಲ್ಟಾ ವ್ಯಾಪಾರ. ಎಂಜಿನ್ನಿನ 9 ನ್ಯೂಟನ್ ಮೀಟರ್ ಸಣ್ಣದೇ, ಆದರೆ ಅದು ನಿಮಿಷಕ್ಕೆ 5,500 ಸುತ್ತು ತಿರುಗುತ್ತಿರುವಾಗ ಸಿಗುತ್ತದೆ. ಅಂದರೆ ಸೆಕೆಂಡಿಗೆ 576 ರೇಡಿಯನ್, ಇದೇ ಕೋನೀಯ ವೇಗ. ಟಾರ್ಕನ್ನು ಕೋನೀಯ ವೇಗದಿಂದ ಗುಣಿಸಿದರೆ ಸಿಗುವುದು ಸಾಮರ್ಥ್ಯ (ಪವರ್), ವಾಟ್‌ಗಳಲ್ಲಿ. 9 × 576 = 5,200 ವಾಟ್ ಹತ್ತಿರ. ಆ ಸುತ್ತುಗಳನ್ನು ಕಡಿಮೆ ಮಾಡುತ್ತ ಟಾರ್ಕನ್ನು ಹೆಚ್ಚಿಸಿ ಹಿಂದಿನ ಚಕ್ರಕ್ಕೆ ಕೊಡುತ್ತಾರೆ. ನಮ್ಮ ಕಾಲಿನ 100 ಸಿಗುವುದು ಕ್ರ್ಯಾಂಕ್ ಅಡ್ಡವಾಗಿದ್ದ ಕ್ಷಣ ಮಾತ್ರ. ಒಂದು ಸುತ್ತಿನ ಸರಾಸರಿ ಸುಮಾರು 64. ನಿಮಿಷಕ್ಕೆ 60 ಸುತ್ತಿನ ಲೆಕ್ಕದಲ್ಲಿ 400 ವಾಟ್. ಅದನ್ನೂ ಕೆಲವು ನಿಮಿಷ ತುಳಿಯುವಷ್ಟರಲ್ಲಿ ಸಾಮಾನ್ಯರಿಗೆ ಸಾಕಾಗಿಬಿಡುತ್ತದೆ.

ಕರಪತ್ರದಲ್ಲಿ ಟಾರ್ಕ್ ಜೊತೆಗೆ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಬರೆದಿರುವುದು ಇದಕ್ಕೇ. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ಅರ್ಧ ಮಾತು ಕೇಳಿದ ಹಾಗೆ.

ಹೆಜ್ಜೆ 9: ಚಕ್ರ ಬಿಚ್ಚಿ ಹಗ್ಗಕ್ಕೆ ನೇತುಹಾಕಿ

ಇದುವರೆಗೆ ಟಾರ್ಕ್ ಚಕ್ರದ ವೇಗವನ್ನು ಬದಲಾಯಿಸಿತು. ವೇಗ ಮುಟ್ಟದೆ ದಿಕ್ಕನ್ನು ಮಾತ್ರ ಬದಲಾಯಿಸುವ ಟಾರ್ಕೂ ಇದೆ. ನೋಡುವ ತನಕ ನಂಬುವುದು ಕಷ್ಟ.

ಮರಳು ಪೊಟ್ಟಣ ತೆಗೆಯಿರಿ. ಎರಡೂ ಬದಿಯ ನಟ್ಟು ಸಡಿಲಿಸಿ ಮುಂದಿನ ಚಕ್ರವನ್ನು ಬಿಚ್ಚಿ. ಅಚ್ಚಿನ ಒಂದು ತುದಿಗೆ ಮಾತ್ರ ಗಟ್ಟಿ ಹಗ್ಗ ಕಟ್ಟಿ, ಜಾರದಂತೆ ನಟ್ಟು ಹಾಕಿ, ಹಗ್ಗವನ್ನು ತೊಲೆಗೋ ಮರದ ಕೊಂಬೆಗೋ ನೇತುಹಾಕಿ. ಸುಮ್ನೆ ಬಿಟ್ಟರೆ ಚಕ್ರ ವಾಲಿ ಮಲಗಿದ ಹಾಗೆ ಜೋತುಬೀಳುತ್ತದೆ. ಅದೇನೂ ಆಶ್ಚರ್ಯವಲ್ಲ.

ಈಗ ಅಚ್ಚನ್ನು ನೆಲಕ್ಕೆ ಅಡ್ಡವಾಗಿ ಹಿಡಿದು, ಇನ್ನೊಬ್ಬರಿಂದ ಚಕ್ರವನ್ನು ಜೋರಾಗಿ ತಿರುಗಿಸಿ. ಸೆಕೆಂಡಿಗೆ ಮೂರು ಸುತ್ತಾದರೂ ಇರಲಿ. ಬೆರಳು, ದುಪಟ್ಟಾ, ಸಡಿಲ ತೋಳು ಕಡ್ಡಿಗಳಿಂದ ದೂರ. ಮಕ್ಕಳಿದ್ದರೆ ಎರಡು ಹೆಜ್ಜೆ ಹಿಂದೆ ನಿಲ್ಲಿಸಿ. ಅಚ್ಚಿನ ಬಿಡುವಾದ ತುದಿಯನ್ನು ಮೆಲ್ಲಗೆ ಕೈಬಿಡಿ.

ಚಕ್ರ ಬೀಳುವುದಿಲ್ಲ. ಒಂದೇ ತುದಿಯಲ್ಲಿ ನೇತಾಡುತ್ತ, ನೆಟ್ಟಗೆ ನಿಂತೇ, ಹಗ್ಗದ ಸುತ್ತ ನಿಧಾನವಾಗಿ ಪ್ರದಕ್ಷಿಣೆ ಹಾಕುತ್ತದೆ.

ಏನಾಗುತ್ತಿದೆ? ಚಕ್ರದ ತೂಕ ಅದನ್ನು ಕೆಳಕ್ಕೆ ವಾಲಿಸಲು ಟಾರ್ಕ್ ಕೊಡುತ್ತಲೇ ಇದೆ. ಆದರೆ ಚಕ್ರದಲ್ಲಿ ಆಗಲೇ ಬೇಕಾದಷ್ಟು ಸುತ್ತು ತುಂಬಿದೆ. ಹೊಸ ಟಾರ್ಕ್ ಸೇರಿಸುವ ಚೂರು ಸುತ್ತು ಹಳೆಯದಕ್ಕೆ ಅಡ್ಡ ದಿಕ್ಕಿನಲ್ಲಿದೆ. ಓಡುತ್ತಿರುವ ಚೆಂಡನ್ನು ಪಕ್ಕದಿಂದ ಮೆಲ್ಲಗೆ ತಟ್ಟಿದರೆ ಅದು ನಿಲ್ಲುವುದಿಲ್ಲ, ದಾರಿ ತಿರುಗಿಸುತ್ತದೆ. ಹಾಗೆಯೇ ಅಚ್ಚು ಕೆಳಗೆ ಬೀಳುವ ಬದಲು ಪಕ್ಕಕ್ಕೆ ತಿರುಗುತ್ತದೆ. ತಿರುಗಿದ ಮೇಲೆ ಟಾರ್ಕಿನ ದಿಕ್ಕೂ ತಿರುಗಿರುತ್ತದೆ, ಮತ್ತೆ ಪಕ್ಕಕ್ಕೆ. ಹೀಗೇ ಸುತ್ತು. ಬುಗುರಿ ವಾಲಿಕೊಂಡೂ ಬೀಳದೆ ತಲೆ ಸುತ್ತಿಸುವುದು ಇದೇ ಕಾರಣಕ್ಕೆ.

ಇದನ್ನೂ ಲೆಕ್ಕ ಹಾಕಬಹುದು. ಚಕ್ರ 2 ಕಿಲೋ, ಹಗ್ಗದಿಂದ ಚಕ್ರದ ಮಧ್ಯಕ್ಕೆ 6 ಸೆಂಟಿಮೀಟರ್ ಎಂದಾದರೆ ತೂಕದ ಟಾರ್ಕ್ 1.18 ನ್ಯೂಟನ್ ಮೀಟರ್. ಚಕ್ರದಲ್ಲಿ ತುಂಬಿರುವ ಸುತ್ತು ಎಂದರೆ ಮೊಂಡುತನ × ಕೋನೀಯ ವೇಗ: 0.154 × 18.85 = 2.9 (ಸೆಕೆಂಡಿಗೆ 3 ಸುತ್ತು × 6.28 = 18.85 ರೇಡಿಯನ್). ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸೆಕೆಂಡಿಗೆ 0.4 ರೇಡಿಯನ್. ಅಂದರೆ ಹಗ್ಗದ ಸುತ್ತ ಒಂದು ಪ್ರದಕ್ಷಿಣೆಗೆ 15 ಸೆಕೆಂಡ್ ಚಿಲ್ಲರೆ. ಹೆಜ್ಜೆ 5ರಲ್ಲಿ ಬಾಟಲಿಯಿಂದ ತೆಗೆದ 0.154 ಇಲ್ಲಿ ಬೇರೆಯದೇ ಕೆಲಸಕ್ಕೆ ಬಂತು. ಗಡಿಯಾರ ಹಿಡಿದು ನೋಡಿ, ನಿಮ್ಮ ಅಂಕಿ ಎಷ್ಟು ಹತ್ತಿರ ಬರುತ್ತದೆ ಅಂತ.

ಬೆಂಗಳೂರಿನ ಪೀಣ್ಯದ ಶೆಡ್‌ಗಳಲ್ಲಿ ತಯಾರಾಗಿ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೆ ಹೋದ ಆರ್ಯಭಟ ಉಪಗ್ರಹವೂ ಹೀಗೆ ತನ್ನ ಅಚ್ಚಿನ ಸುತ್ತ ತಿರುಗುತ್ತಲೇ ದಿಕ್ಕು ಕಾಯ್ದುಕೊಳ್ಳುವಂತೆ ಮಾಡಿದ್ದು. ಅಲ್ಲಿ ಹಿಡಿದುಕೊಳ್ಳಲು ನೆಲವಿಲ್ಲ, ತಳ್ಳಲು ಗೋಡೆಯಿಲ್ಲ. ಪಾತ್ರೆಯಲ್ಲಿ ಒತ್ತಿ ತುಂಬಿದ ಅನಿಲವನ್ನು ಚಿಮ್ಮಿಸಿ ಅದಕ್ಕೆ ಬೇಕಾದ ಟಾರ್ಕ್ ಕೊಡುತ್ತಿದ್ದರು.

ನಿಮ್ಮ ಚಕ್ರ ನಿಧಾನವಾಗುತ್ತಿದ್ದಂತೆ ಒಂದು ವಿಚಿತ್ರ ಕಾಣುತ್ತದೆ. ಪ್ರದಕ್ಷಿಣೆ ಜೋರಾಗುತ್ತದೆ. ಸುತ್ತು ಅರ್ಧಕ್ಕೆ ಇಳಿದಾಗ 15 ಸೆಕೆಂಡಿನ ಪ್ರದಕ್ಷಿಣೆ ಎಂಟರ ಒಳಗೆ ಮುಗಿಯುತ್ತದೆ. ಆಮೇಲೆ ತೂರಾಡಿ, ಓಲಾಡಿ, ಕೊನೆಗೆ ಜೋತುಬೀಳುತ್ತದೆ.

ಎಲ್ಲಿ ತಪ್ಪುತ್ತದೆ

ಅಳತೆ ಸರಿ ಬರದಿದ್ದರೆ ಮೊದಲು ಅನುಮಾನಿಸಬೇಕಾದ್ದು ದಾರವನ್ನು. ಹಿಗ್ಗುವ ದಾರ ಬೇಡ, ನೈಲಾನ್ ಬದಲು ಹತ್ತಿಯ ದಾರ ಒಳ್ಳೆಯದು. ಬಾಟಲಿ ಇಳಿಯುವಾಗ ತೂಗಾಡಿದರೆ ಆ ಸಲದ್ದು ಬಿಟ್ಟುಬಿಡಿ. ಹೆಜ್ಜೆ 2ರ ಸಮತೂಕ ಸರಿಯಾಗಿ ಮಾಡದಿದ್ದರೆ ಚಕ್ರದ ಭಾರದ ಬದಿ ಇಳಿಯುವಾಗ ಸಹಾಯ ಮಾಡಿ, ಏರುವಾಗ ತಡೆಯುತ್ತದೆ. ಬೇರಿಂಗಿನಲ್ಲಿ ಗ್ರೀಸ್ ಒಣಗಿದ್ದರೆ 5 ಗ್ರಾಂ ಜಾಗದಲ್ಲಿ 30 ಗ್ರಾಂ ಬರಬಹುದು. ಆಗ ಲೆಕ್ಕ ಬಿಡಿ, ಮೊದಲು ಸೈಕಲ್ಲನ್ನು ಪಂಚರ್ ಅಂಗಡಿಗೆ ತಗೊಂಡು ಹೋಗಿ. ಸಾಮಾನ್ಯವಾಗಿ ಹತ್ತಕ್ಕೆ ಒಂದು ಪಾಲು ಆಚೀಚೆ ಆದರೆ ಬೇಸರ ಬೇಡ. ಅಕ್ಕಿಕಾಳು, ಚಪಾತಿ ಹಿಟ್ಟಿನಲ್ಲಿ ಮಾಡಿದ ಪ್ರಯೋಗಕ್ಕೆ ಅದು ಒಳ್ಳೆಯ ಅಂಕವೇ.

ಕೊನೆಗೆ, ಸೈಕಲ್ ಮೊದಲಿನಂತೆ ಮಾಡಿ

ಹಿಟ್ಟು ಕೆರೆದು ತೆಗೆಯಿರಿ, ಇಲ್ಲದಿದ್ದರೆ ರಾತ್ರಿ ಇಲಿ ಬಂದು ಟೈರಿನ ರುಚಿಯನ್ನೂ ನೋಡುತ್ತದೆ. ಚಕ್ರವನ್ನು ಫೋರ್ಕಿನ ಎರಡೂ ಸೀಳಿನಲ್ಲಿ ಪೂರ್ತಿ ಒಳಗೆ ಕೂರಿಸಿ, ಎರಡೂ ನಟ್ಟನ್ನು ಸ್ವಲ್ಪ ಸ್ವಲ್ಪವೇ ಆ ಕಡೆ ಈ ಕಡೆ ಬಿಗಿಸಿ. ಈ ನಟ್ಟಿಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಬೇಕು. ನಿಮ್ಮ ಪಾನ 15 ಸೆಂಟಿಮೀಟರ್ ಇದ್ದರೆ ಅದರ ತುದಿಯಲ್ಲಿ 15 ಕಿಲೋ ಅಕ್ಕಿ ಚೀಲ ನೇತುಹಾಕಿದಷ್ಟು ಒತ್ತಬೇಕು ಎಂದಾಯಿತು: 15 × 9.8 × 0.15, ಅಂದರೆ 22. ಪಾನ ನಟ್ಟಿಗೆ ನೇರವಾಗಿ ಕೂತಿರಲಿ, ಒತ್ತುವ ಕೈ ಪಾನಕ್ಕೆ ಲಂಬವಾಗಿರಲಿ. ಓರೆಯಾಗಿ ಒತ್ತಿದರೆ ಏನಾಗುತ್ತದೆ ಎಂದು ಬಾಗಿಲ ಹತ್ತಿರವೇ ನೋಡಿದ್ದೀರಿ. ಬ್ರೇಕ್ ಹಿಡಿದು ನೋಡಿ, ಚಕ್ರ ಎತ್ತಿ ಒಮ್ಮೆ ತಿರುಗಿಸಿ ನೋಡಿ, ಆಮೇಲೆ ಹತ್ತಿ.